ಎರಡು ಸಾಲು ಮುಂದೆ

ಮುಂಜಾನೆ ಚಹಾ ಕುಡಿಯುತ್ತ ಹೆಂಡತಿಗೆ ಪೇಪರು ಓದಿ ಹೇಳುವುದು ನನ್ನ ನಿವೃತ್ತಿಯ ಮೊದಲ ಉದ್ಯೋಗ. ಆಕೆಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು, ಆಪರೇಶನ್ ಎಂದರೆ ಹೆದರುತ್ತಾಳೆ. ನಾನು ಓದುವ ರೀತಿಯ ಬಗ್ಗೆ ಆಕೆಗೆ ಒಂದು ತಕರಾರಿದೆ. ಸರಾಗವಾಗಿ ಓದುತ್ತಿದ್ದವನು ನಡುವೆ ಎಲ್ಲೋ ಗಕ್ಕನೆ ನಿಲ್ಲುತ್ತೇನಂತೆ, ಗಂಟಲು ಸರಿ ಮಾಡಿಕೊಳ್ಳುತ್ತೇನಂತೆ, ಆಮೇಲೆ ಬೇರೆ ದನಿಯಲ್ಲಿ ಮುಂದುವರಿಯುತ್ತೇನಂತೆ.

“ನೀವು ಓದೂದಲ್ಲರೀ, ಆರಸೂದು,” ಎಂದಳು ಮೊನ್ನೆ. “ಅಕ್ಕಿ ಒಳಗಿನ ಹರಳ ಆರಿಸಿದಂಗ ಆರಿಸಿ ಹೇಳತೀರಿ. ಯಾರ ಸತ್ತಾರ ಹೇಳ್ರಿ, ನಾ ಏನ ಎದಿ ಒಡಕೊಳ್ಳೂದಿಲ್ಲ.”

ಸತ್ತವರು ನಮ್ಮ ಓಣಿಯಲ್ಲಿ ಹಿಂದೆ ಇದ್ದ ಒಬ್ಬ ಡಾಕ್ಟರು. ಹೇಳಿದೆ. “ಪಾಪ,” ಎಂದು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಅಷ್ಟೇ. ನಾನು ಮಾತ್ರ ಪೇಪರು ಹಿಡಿದುಕೊಂಡು ಅರ್ಧ ತಾಸು ಸುಮ್ಮನೆ ಕೂತೆ. ಕಣ್ಣು ಎರಡು ಸಾಲು ಮುಂದೆ ಓಡಿ, ಅಲ್ಲೇನಿದೆ ನೋಡಿ, ಬಾಯಿಗೆ ಎಚ್ಚರಿಕೆ ಕೊಡುವ ಈ ಚಟ ನನಗೆ ಹತ್ತಿದ್ದು ಶಾಲೆಯ ಲೈಬ್ರರಿಯ ದೆಸೆಯಿಂದ. ಪುಸ್ತಕ ಓದಿ ಕೆಟ್ಟವರ ಕತೆಯನ್ನು ನೀವು ಬೇಕಾದಷ್ಟು ಕೇಳಿರಬಹುದು. ನಾನು ಓದಿ ಹೇಳಿ ಕೆಟ್ಟವನು.

ಲೈಬ್ರರಿ ಎಂದಕೂಡಲೆ ದೊಡ್ಡ ಹಾಲು, ಉದ್ದ ಮೇಜು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಪುಣೆಯ ನಾರಾಯಣ ಪೇಠೆಯಲ್ಲಿ ನಮ್ಮ ಶಾಲೆ. ಹಳೆಯ ವಾಡೆಯೊಂದನ್ನೇ ಶಾಲೆ ಮಾಡಿದ್ದರು. ಅದರ ಜಿನೆಯ, ಎಂದರೆ ಮಾಳಿಗೆ ಮೆಟ್ಟಿಲಿನ, ಕೆಳಗೆ, ಹಗಲಿನಲ್ಲೂ ಮುಖ ಸರಿಯಾಗಿ ಕಾಣದ ಜಾಗದಲ್ಲಿ, ಮೂರು ಕಪಾಟು. ಮೂರಕ್ಕೂ ಬೀಗ. ಬೀಗದ ಕೈ ಮೋಡಕ ಮಾಸ್ತರರ ಜನಿವಾರದಲ್ಲಿ. ಅವರು ಡ್ರಾಯಿಂಗ್ ಮಾಸ್ತರರು. ಡ್ರಾಯಿಂಗಿಗೆ ವಾರಕ್ಕೆ ಎರಡೇ ತಾಸು ಇದ್ದುದರಿಂದ, ಮೈಗೆ ಜಂಗು ಹಿಡಿಯಬಾರದೆಂದು ಹೆಡ್‌ಮಾಸ್ತರರು ಪುಸ್ತಕಗಳನ್ನೂ ಅವರ ತಲೆಗೆ ಕಟ್ಟಿದ್ದರು. ಎಲ್ಲ ಪುಸ್ತಕಗಳಿಗೂ ಒಂದೇ ಬಣ್ಣದ ಖಾಕಿ ಕಾಗದದ ಹೊದಿಕೆ, ಬೆನ್ನ ಮೇಲೆ ಬರಿ ನಂಬರು. ಮುಟ್ಟಿ ನೋಡುವಂತಿಲ್ಲ, ಹಾಳೆ ತಿರುವಿ ಆರಿಸುವಂತಿಲ್ಲ. ಗೋಡೆಯ ಮೊಳೆಗೆ ದಾರ ಕಟ್ಟಿ ತೂಗುಹಾಕಿದ ಯಾದಿಯಲ್ಲಿ ಹೆಸರು ನೋಡಿ, ಬೇಕಾದ ನಂಬರನ್ನು ಚೀಟಿಯಲ್ಲಿ ಬರೆದು ಗುರುವಾರ ಡಬ್ಬಿಗೆ ಹಾಕಬೇಕು. ಶನಿವಾರ ಶಾಲೆ ಬಿಡುವಾಗ ಮಾಸ್ತರರು ಹೆಸರು ಕೂಗಿ ಕೊಡುತ್ತಿದ್ದರು. ಇಂಗ್ರಜಿ ನಾಲ್ಕನೆಯ ಇಯತ್ತೆಗೆ, ಎಂದರೆ ಈಗಿನ ಎಂಟನೆಯ ತರಗತಿಗೆ, ಬಂದವರಿಗೆ ಮಾತ್ರ ಈ ಭಾಗ್ಯ.

ಹೆಸರು ನೋಡಿ ಕನ್ಯೆ ನಿಶ್ಚಯಿಸಿದರೆ ಏನಾಗುತ್ತದೋ ಅದೇ ನನಗೂ ಆಯಿತು. ಮೊದಲ ಸಲ ‘ಗುಡ್ಡಗಾಡಿನ ಸಂಗಾತಿಗಳು’ ಎಂಬರ್ಥದ ಹೆಸರಿದ್ದ ಒಂದು ಮರಾಠಿ ಪುಸ್ತಕ ಕೇಳಿದೆ. ದರೋಡೆಕೋರರು, ಕುದುರೆಗಳು, ಗುಹೆ ಎಲ್ಲ ಇರಬಹುದೆಂದು ಲೆಕ್ಕ ಹಾಕಿ ಮನೆಗೆ ಓಡಿ ಬಂದು ಬಿಚ್ಚಿದರೆ, ಆಡು ಸಾಕುವುದು ಹೇಗೆ ಎಂಬ ಪುಸ್ತಕ. ವಾರವಿಡೀ ಅದೇ ಗತಿ. ಬೇಸರದಿಂದ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಅದನ್ನೇ ಅವ್ವನಿಗೆ ಕನ್ನಡ ಮಾಡಿ ಓದಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

“ಆ ಆಡಿಗೆ ಹೆಸರ ಇಟ್ಟಿರಲಿಲ್ಲೇನು ತಮ್ಮಾ?”

“ಇಲ್ಲವಾ. ಇದು ಕತಿ ಅಲ್ಲ.”

“ಅಲ್ಲದಿದ್ದರ ಏನಾತು? ಹೆಸರಿಲ್ಲದ ಅದನ್ನ ಕರಿಯೂದರೆ ಹೆಂಗ? ಮುಂದ ಓದು.”

ಹೀಗೆ ಶುರುವಾಯಿತು. ಅವ್ವ ಬೈಲಹೊಂಗಲದ ಕಡೆಯವಳು. ಅಪ್ಪನಿಗೆ ಕಾಲುವೆ ಕಚೇರಿಯಲ್ಲಿ ಕಾರಕೂನಿಕೆ ಸಿಕ್ಕು ನಾವು ಪುಣೆಗೆ ಬಂದಿದ್ದೆವು. ಅವ್ವನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಮರಾಠಿ ಬರುತ್ತಿದ್ದುದು ಭಾಜಿಯವಳ ಜೊತೆ ಚೌಕಾಶಿ ಮಾಡುವಷ್ಟು. ಅಲ್ಲಿಯೂ ಸಿಟ್ಟು ಬಂದರೆ ಕನ್ನಡವೇ ಬಾಯಿಗೆ ಬರುತ್ತಿತ್ತು. ನಾವಿದ್ದ ವಾಡೆಯಲ್ಲಿ ಎದುರಿನ ಖೋಲಿಯ ಸಗುಣಾಬಾಯಿ ಒಬ್ಬರೇ ಆಕೆಗೆ ಒಂದಿಷ್ಟು ಆಪ್ತರು. ಅವರು ನಾಲ್ಕನೆಯ ಇಯತ್ತೆಯವರೆಗೆ ಓದಿದವರು, ಮಧ್ಯಾಹ್ನ ಅಂಗಳದಲ್ಲಿ ಕೂತು ಮರಾಠಿ ಪೋಥಿ ಓದುತ್ತಿದ್ದರು. ಅವ್ವ ಅಲ್ಲಿ ಹೋಗಿ ಕೈ ಮುಗಿದುಕೊಂಡು ಕೂಡುತ್ತಿದ್ದಳು. ಏನು ತಿಳಿಯಿತು ಎಂದು ಕೇಳಿದರೆ, “ದೇವರದು ಏನೋ ಓದಿದ್ರು,” ಎನ್ನುತ್ತಿದ್ದಳು.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಪುಣೆಗೆ ಬಂದ ಮೊದಲ ಮಳೆಗಾಲದಲ್ಲಿ ನನ್ನ ತಂಗಿ ಕಮಲಿ ಜ್ವರದಿಂದ ತೀರಿಕೊಂಡಳು. ನಾಲ್ಕು ವರ್ಷದವಳು. ಅವ್ವ ಅತ್ತದ್ದು ನಾನು ನೋಡಲಿಲ್ಲ. ಆದರೆ ಅಂದಿನಿಂದ ಆಕೆಯ ಮಾತು ಕಡಿಮೆಯಾಯಿತು, ತವರಿನ ಹಾಡು ನಿಂತವು, ನಾವಿಬ್ಬರೇ ಇದ್ದಾಗ ಮನೆಯಲ್ಲಿ ಪಾತ್ರೆಗಳದೇ ಸಪ್ಪಳ. ಮೂರು ವರ್ಷದ ಮೇಲೆ ಆಕೆ ‘ಮುಂದ ಓದು’ ಎಂದಾಗ ನನಗಾದ ಸಂತೋಷವನ್ನು ಈಗ ಹೇಗೆ ಹೇಳಲಿ? ಅಡಿಗೆಮನೆಗೆ ಯಾರೋ ಮರಳಿ ಬಂದಂತಾಗಿತ್ತು.

ಆಡಿನ ಪುಸ್ತಕದ ಮರುವಾರ ನನ್ನ ಚೀಟಿಗೆ ನಿಜವಾದ ಕಾದಂಬರಿಯೇ ಸಿಕ್ಕಿತು. ಅದರಲ್ಲಿ ಒಬ್ಬ ಹಮಾಲನ ಮಗಳು. ನಾನು ಸಾಲು ಸಾಲಾಗಿ, ಮೊದಲು ಮರಾಠಿಯಲ್ಲಿ ಮನಸ್ಸಿನೊಳಗೆ, ಆಮೇಲೆ ಕನ್ನಡದಲ್ಲಿ ಗಟ್ಟಿಯಾಗಿ, ಎತ್ತು ಗಾಣ ಸುತ್ತಿದಂತೆ ಓದುತ್ತಿದ್ದೆ. ಮುಂದೆ ಏನಿದೆ ಎಂದು ನನಗೂ ಗೊತ್ತಿರಲಿಲ್ಲ. ಹುಡುಗಿಗೆ ಜ್ವರ ಬಂತು ಎಂದೆ. ಹುಡುಗಿ ಸತ್ತಳು ಎಂದೆ. ಅಂದಮೇಲೆ ತಲೆ ಎತ್ತಿ ನೋಡಿದೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಬರುತ್ತಿತ್ತು. ಅವ್ವ ಅದನ್ನೇ ನೋಡುತ್ತಿದ್ದಳು, ತೆಗೆಯಲಿಲ್ಲ. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಅಪ್ಪ ನನ್ನನ್ನು ಹೊರಗೆ ಕರೆದು, “ಏ, ಸತ್ತ ಮಕ್ಕಳ ಕತಿ ಈ ಮನ್ಯಾಗ ಓದಬ್ಯಾಡ. ತಿಳೀತಿಲ್ಲೋ?” ಎಂದರು.

ತಿಳಿಯಿತು. ಆದರೆ ಆ ಕಾಲದ ಲೇಖಕರಿಗೆ ತಿಳಿದಿರಲಿಲ್ಲ. ಕಪಾಟು ತೆರೆದರೆ ಸಾಕು, ಅದರೊಳಗಿನ ಮಕ್ಕಳೆಲ್ಲ ಸಾಯಲಿಕ್ಕೆ ಸಿದ್ಧರಾಗಿ ಕೂತಿದ್ದರು. ಯಾದಿಯಲ್ಲಿ ಸಾವು ಯಾವ ನಂಬರಿಗೆ ಎಂದು ಬರೆದಿರಲಿಲ್ಲ. ಅಪ್ಪ ಹೇಳಿದ್ದಕ್ಕೆ ನಾನು ಕಂಡುಕೊಂಡ ಉಪಾಯವೇ ಎರಡು ಸಾಲು ಮುಂದೆ ನೋಡುವುದು. ಮುಂದಿನ ಪುಸ್ತಕದಲ್ಲಿ ಅಂಬಿಗರ ಹುಡುಗಿಗೆ ಜ್ವರ ಬಂದಿತು. ನನ್ನ ಕಣ್ಣು ಮುಂದೋಡಿ ಆಕೆಯ ಚಿತೆಯನ್ನೂ ಕಂಡಿತು. ನಾನು ಗಂಟಲು ಸರಿ ಮಾಡಿಕೊಂಡೆ. “ಆವಾಗ ಸಾತಾರದಿಂದ ಒಬ್ಬ ವೈದ್ಯ ಬಂದ,” ಎಂದೆ.

ಅವ್ವ ಕೈಯಲ್ಲಿನ ಹಿಟ್ಟು ಕೆಳಗಿಟ್ಟಳು. “ಬಂದು?”

“ಬಂದು ಔಷಧ ಕೊಟ್ಟ. ಮೂರ ದಿನಕ್ಕ ಜ್ವರ ಇಳೀತು.”

“ಅಂವ ಪುಣೆಕ್ಕ ಬರ್ತಿದ್ದನೇನು?”

“ಇಲ್ಲವಾ. ಸಾತಾರದಂವ.”

“ದೂರ ಆತು,” ಎಂದಳು. ಆಮೇಲೆ ಹಿಟ್ಟು ಮತ್ತೆ ನಾದಿದಳು. ಆ ದಿನ ರೊಟ್ಟಿ ತಟ್ಟುವಾಗ ಏನೋ ಗುನುಗುತ್ತಿದ್ದಳು.

ಇದಾದ ಮೇಲೆ ನನ್ನನ್ನು ಹಿಡಿಯುವವರು ಯಾರು? ಆ ವರ್ಷ ನಾರಾಯಣ ಪೇಠೆಯ ಮೂರು ಕಪಾಟಿನೊಳಗೆ ನಾನು ಉಳಿಸಿದ ಜೀವಗಳನ್ನು ಯಾವ ಧನ್ವಂತರಿಯೂ ಉಳಿಸಿರಲಿಕ್ಕಿಲ್ಲ. ಹೊಳೆಗೆ ಬಿದ್ದ ಕುರುಬರ ಹುಡುಗನನ್ನು ಎತ್ತಿದೆ. ಕಾಲರಾ ಹತ್ತಿದ ಊರಿಗೆ ಕಾಲರಾ ಬರಲೇ ಇಲ್ಲ. ನೇಣಿಗೆ ಹೊರಟವನಿಗೆ ಮಾಫಿ ಕೊಡಿಸಿದೆ. ಅವ್ವ ಅವರೆಲ್ಲರನ್ನೂ ನೆಂಟರ ಹಾಗೆ ನೆನೆಯುತ್ತಿದ್ದಳು. ಸಂಕ್ರಾಂತಿಗೆ ಎಳ್ಳು ಬೀರುವಾಗ, “ಆ ಅಂಬಿಗರ ಹುಡುಗಿ ಈಗ ದೊಡ್ಡಾಕಿ ಆಗಿರಬೇಕಲ್ಲ?” ಎಂದು ಕೇಳಿದ್ದುಂಟು. ನಾನು ಹೌದೆಂದೆ. ಒಳಗೆ ನನಗೆ ಭಾರಿ ಹೆಮ್ಮೆ. ಮೈ ತುಂಬ ಸುಳ್ಳು, ಮುಖ ತುಂಬ ವಿಭೂತಿ ಎಂಬಂಥ ಹೆಮ್ಮೆ.

ಸಿಕ್ಕಿಬಿದ್ದದ್ದು ಮೋಡಕ ಮಾಸ್ತರರ ಕೈಗೆ. ಅವರದೊಂದು ನೇಮವಿತ್ತು. ಪುಸ್ತಕ ಮರಳಿಸುವಾಗ ಅದರ ಸಾರಾಂಶವನ್ನು ಒಂದು ಪುಟ ಬರೆದು ತೋರಿಸಬೇಕು, ಆಗಲೇ ಮುಂದಿನ ಪುಸ್ತಕ. ನಾನು ಪ್ರತಿ ವಾರ ಎರಡು ಕತೆ ಇಟ್ಟುಕೊಂಡಿರುತ್ತಿದ್ದೆ: ಮಾಸ್ತರರಿಗೆ ಸತ್ತವರದು, ಅವ್ವನಿಗೆ ಬದುಕಿದವರದು. ಒಂದು ವಾರ ಗೊಂದಲವಾಯಿತು. ಅವ್ವನಿಗೆ ಹೇಳಿ ಹೇಳಿ ನನ್ನದೇ ಕತೆ ನನಗೆ ನಿಜವಾಗಿಬಿಟ್ಟಿತ್ತೋ ಏನೋ, ವಹಿಯಲ್ಲಿ ಅದನ್ನೇ ಬರೆದೆ. ಮಾಸ್ತರರು ಕನ್ನಡಕ ಏರಿಸಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಆಮೇಲೆ ಮರಾಠಿಯಲ್ಲಿ, “ಹಾ ವೈದ್ಯ ಕುಠೂನ ಆಲಾ?” ಎಂದು ಕೇಳಿದರು. ಈ ವೈದ್ಯ ಎಲ್ಲಿಂದ ಬಂದ?

ಹುಡುಗರು ನಕ್ಕರು. ನಾನು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನಿಂತೆ. ಉಗುಳಿದರೆ ಮನೆಯ ಮಾತು ಬೀದಿಗೆ ಬರುತ್ತಿತ್ತು, ಕಮಲಿಯ ಹೆಸರು ಆ ನಗುವವರ ನಡುವೆ ಹೇಳಬೇಕಾಗುತ್ತಿತ್ತು. ಓದದೆ ಬರೆದಿದ್ದಾನೆ ಎಂದು ಮಾಸ್ತರರು ತೀರ್ಮಾನಿಸಿದರು. ಆ ಪುಸ್ತಕವನ್ನು ಎರಡು ಸಲ ಓದಿದ್ದೆನೆಂದರೆ ಯಾರು ನಂಬುತ್ತಿದ್ದರು? ಒಂದು ತಿಂಗಳು ನನಗೆ ಪುಸ್ತಕ ಬಂದ್ ಆಯಿತು.

ಆ ತಿಂಗಳು ನಾನು ಭೂಗೋಳದ ಪುಸ್ತಕ ಹಿಡಿದು ಕಾದಂಬರಿ ಓದಿದೆ. ಹೊಸ್ತಿಲ ಮೇಲೆ ಕೂತು, ಕಣ್ಣು ದಖ್ಖನ್ ಪ್ರಸ್ಥಭೂಮಿಯ ಮೇಲಿಟ್ಟು, ಬಾಯಿಗೆ ಬಂದ ಕತೆ ಹೇಳುತ್ತಿದ್ದೆ. ಅವ್ವ ಒಮ್ಮೆ ಇಣುಕಿ ನಕಾಶೆ ನೋಡಿ, “ಚಿತ್ರ ಛಲೋ ತೆಗದಾರ, ಆಕಳದ್ದೇನು?” ಎಂದಳು. ಹಿಂದುಸ್ತಾನದ ನಕಾಶೆ ಅದು. ನಾನು ಹೌದೆಂದೆ. ಆಮೇಲೆ ಕತೆಯೊಳಗೆ ಒಂದು ಆಕಳನ್ನು ತರಬೇಕಾಯಿತು.

ತಿಂಗಳು ಮುಗಿಯುತ್ತ ಬಂದಾಗ ಮೋಡಕ ಮಾಸ್ತರರ ಸಿಟ್ಟು ಇಳಿದಿತ್ತು. ಒಂದು ದಿನ ಕರೆದು, “ಎಪ್ಪತ್ತೊಂದನೇ ನಂಬರು ನಿನಗಾಗಿ ತೆಗೆದಿಟ್ಟಿದ್ದೇನೆ, ಶನಿವಾರ ಬಾ. ಬರದಿದ್ದರೆ ಬೇರೆಯವರಿಗೆ,” ಎಂದರು. ಎಪ್ಪತ್ತೊಂದು ಎಂದರೆ ಹಡಗಿನ ಕತೆ, ಮೂರು ಬೆರಳು ದಪ್ಪ. ಎಂಟು ತಿಂಗಳಿಂದ ಚೀಟಿ ಹಾಕಿ ಹಾಕಿ ಕೈ ಸೋತಿತ್ತು. ಯಾವಾಗಲೂ ಮೇಲಿನ ಇಯತ್ತೆಯವರ ಹತ್ತಿರವೇ ಇರುತ್ತಿತ್ತು. ಆ ವಾರ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಗುರುವಾರ ಟಪಾಲಿನವ ಒಂದು ಕಾರ್ಡು ಹಾಕಿದ. ಬೆಳಗಾವಿಯಿಂದ ಸೋದರಮಾವ ಬರೆದದ್ದು. ಅವನು ಅಲ್ಲಿ ಕಚೇರಿಯಲ್ಲಿದ್ದ, ಅಜ್ಜಿ ಅವನ ಹತ್ತಿರ ಇದ್ದಳು. ಅಪ್ಪ ತಮ್ಮ ಕಚೇರಿಯ ಸಾಹೇಬರ ಕ್ಯಾಂಪಿನ ಜೊತೆ ಇಂದಾಪುರಕ್ಕೆ ಹೋಗಿ ನಾಲ್ಕು ದಿನವಾಗಿತ್ತು, ಬರುವುದು ಮಂಗಳವಾರ. ಅವ್ವ ಕಾರ್ಡು ತೆಗೆದುಕೊಂಡು ಮೊದಲು ಅದರ ಮೂಲೆಗಳನ್ನು ಬೆರಳಿನಿಂದ ಸವರಿದಳು. ಆಕೆಗೆ ಬರುತ್ತಿದ್ದ ಓದು ಅದೊಂದೇ. ಮೂಲೆಗೆ ಅರಿಸಿನ ಹಚ್ಚಿದ್ದರೆ ಮದುವೆ, ಮೂಲೆ ಹರಿದಿದ್ದರೆ ಸಾವು. ಇದಕ್ಕೆ ಎರಡೂ ಇರಲಿಲ್ಲ. ಸಮಾಧಾನದಿಂದ ನನ್ನ ಕೈಗೆ ಕೊಟ್ಟಳು.

ಕಾರ್ಡಿನಲ್ಲಿ ಮಾವ ಕನ್ನಡದಲ್ಲಿ ಬರೆದಿದ್ದ: “ಅವ್ವಗ ಭಾಳ ಜಡ್ಡಾಗಿದೆ. ನಿನ್ನ ಹೆಸರು ಹಿಡಿದು ಒಂದೇ ಸವನೆ ಕರೆಯುತ್ತಾಳೆ. ಕಾರ್ಡು ಮುಟ್ಟಿದ ಕೂಡಲೆ ಇದ್ದಂತೆ ಹೊರಟು ಬಾ.”

ಕಣ್ಣು ಮೂರನೆಯ ಸಾಲಿಗೆ ಹೋಗಿತ್ತು. ಬಾಯಿ ಇನ್ನೂ ತೆರೆದಿರಲಿಲ್ಲ. ಗಂಟಲು ಸರಿ ಮಾಡಿಕೊಂಡೆ.

“ಅಜ್ಜಿಗೆ ಜಡ್ಡಾಗಿತ್ತಂತ,” ಎಂದೆ. “ಈಗ ಆರಾಮ ಆಗ್ಯಾಳಂತ. ನಿನ್ನ ನೆನಸತಾಳಂತ. ಸೂಟಿ ಒಳಗ ಬಂದು ಹೋಗು ಅಂದಾರ.”

ಈ ಸಂಗತಿಯನ್ನು ಹೆಂಡತಿಗೆ ಹೇಳಿದ್ದೇನೆ, ಮಕ್ಕಳಿಗೂ ಒಮ್ಮೆ ಹೇಳಿದ್ದೇನೆ. ಪ್ರತಿ ಸಲ, ಅವ್ವನ ಮುಖ ಮತ್ತೆ ಆ ಹಂಚಿನ ಮುಂದೆ ಕೂತಾಗಿನಂತೆ ಆಗುವುದನ್ನು ನೋಡಲಾರದೆ ಹಾಗೆ ಓದಿದೆ ಎಂದೇ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಅದು ಅರ್ಧ. ಅವ್ವ ಒಬ್ಬಳೇ ಗಾಡಿ ಹತ್ತುವವಳಲ್ಲ, ನಾನು ಜೊತೆಗೆ ಹೋಗಲೇಬೇಕಾಗುತ್ತಿತ್ತು. ಹೋದರೆ ಶನಿವಾರ ತಪ್ಪುತ್ತಿತ್ತು. ಎಪ್ಪತ್ತೊಂದು ಬೇರೆಯವರ ಪಾಲಾಗುತ್ತಿತ್ತು. ಕಾರ್ಡಿನ ಮೂರನೆಯ ಸಾಲು ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಅಜ್ಜಿಯಲ್ಲ, ಅವ್ವನೂ ಅಲ್ಲ, ಆ ಖಾಕಿ ಹೊದಿಕೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ, ನೀವು ನನ್ನ ಮುಖ ನೋಡುತ್ತಿಲ್ಲವೆಂಬ ಧೈರ್ಯದ ಮೇಲೆ.

ಅಪ್ಪ ಮಂಗಳವಾರ ಬರುತ್ತಾರೆ, ಅವರಿಗೆ ನಿಜ ಹೇಳಿದರಾಯಿತು, ಐದು ದಿನದಲ್ಲಿ ಏನಾಗುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅವ್ವ ಆ ದಿನ ಖುಷಿಯಾಗಿದ್ದಳು. ಬೇಸಿಗೆ ಸೂಟಿಗೆ ಹೋಗೋಣ ಎಂದಳು, ಅಜ್ಜಿಗೆ ಇಲ್ಲಿಯ ಹಸಿರು ಬಳೆ ಒಯ್ಯಬೇಕು ಎಂದಳು. ಕಾರ್ಡನ್ನು ಬೇಳೆಯ ಡಬ್ಬಿಯ ಮೇಲೆ ಇಟ್ಟಳು.

ಶನಿವಾರ ಎಪ್ಪತ್ತೊಂದು ನನ್ನ ಕೈಗೆ ಬಂತು. ರವಿವಾರವಿಡೀ ವಾಡೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಅವ್ವ ಎರಡು ಸಲ, “ನನಗೂ ಒಂದೀಟು ಹೇಳೋ ತಮ್ಮಾ,” ಎಂದಳು. ನಾಳೆ ಎಂದೆ. ಯಾಕೋ ಆ ದಿನ ಆಕೆಯ ಎದುರು ಓದಲಿಕ್ಕೆ ನಾಲಿಗೆ ಏಳಲಿಲ್ಲ.

ಸೋಮವಾರ ಶಾಲೆ ಬಿಟ್ಟು ಬಂದಾಗ ಒಲೆ ಹೊತ್ತಿರಲಿಲ್ಲ. ಅವ್ವ ಹೊಸ್ತಿಲ ಮೇಲೆ, ನಾನು ಕೂಡುವ ಜಾಗದಲ್ಲಿ ಕೂತಿದ್ದಳು. ತೊಡೆಯ ಮೇಲೆ ಎರಡು ಕಾರ್ಡು. ಒಂದರ ಮೂಲೆ ಹರಿದಿತ್ತು. ನಾನು ಅದಕ್ಕೆ ಕೈ ಚಾಚಿದೆ.

“ಅದು ಬ್ಯಾಡ,” ಎಂದಳು. “ಅದು ತಿಳೀತು ನನಗ.” ಇನ್ನೊಂದನ್ನು ಮುಂದೆ ಮಾಡಿದಳು. “ಇದನ್ನ ಓದು. ಇದ್ದದ್ದು ಇದ್ದಂಗ ಓದು.”

ಓದಿದೆ. ಮೂರೇ ಸಾಲು. ‘ನಿನ್ನ ಹೆಸರು ಹಿಡಿದು’ ಎನ್ನುವಲ್ಲಿ ನನ್ನ ದನಿ ನಿಂತಿತು. ಆಕೆ ಕಾದಳು. ಮುಂದೆ ಓದಿ ಮುಗಿಸಿದೆ.

“ಇನ್ನೊಮ್ಮೆ.”

ಇನ್ನೊಮ್ಮೆ ಓದಿದೆ. ಅವ್ವ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ನನ್ನ ಜೀವನ ಒಂದಿಷ್ಟು ಹಗುರಾಗುತ್ತಿತ್ತು. ಅಂಗಳದ ಕಡೆ ನೋಡುತ್ತ ಕೇಳಿದಳು.

“ಆ ಅಂಬಿಗರ ಹುಡುಗಿ?”

ನಾನು ಕಾರ್ಡನ್ನು ಆಕೆಯ ತೊಡೆಯ ಮೇಲೆ ಮರಳಿ ಇಟ್ಟೆ.

“ಸಾತಾರದ ವೈದ್ಯ ಬರಲಿಲ್ಲೇನು ಹಂಗಾರ?”

“ಇಲ್ಲವಾ.”

“ಹೊಳಿಗೆ ಬಿದ್ದಂವ?”

“ಅಂವನೂ.”

ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ಕೇಳಿದಳು. ಅಷ್ಟು ಜನರನ್ನು ಆಕೆ ನೆನಪಿಟ್ಟುಕೊಂಡಿದ್ದಳೆಂದು ನನಗೆ ಗೊತ್ತಿರಲಿಲ್ಲ. ಕೆಲವರು ನನಗೇ ಮರೆತುಹೋಗಿದ್ದರು. ನಾನು ಹೂಂ ಎನ್ನುತ್ತ ಹೋದೆ. ಕಡೆಗೆ ಎದ್ದು, “ನೀರ ಹಾಕೋಬೇಕು,” ಎಂದು ನಲ್ಲಿಯ ಕಡೆ ನಡೆದಳು. ಸಾವಿನ ಸುದ್ದಿ ಕೇಳಿದ ಮೇಲಿನ ಸ್ನಾನಕ್ಕೆ ನೀರು ಕಾಯಿಸುವುದಿಲ್ಲ. ತಣ್ಣೀರು ಸುರಿದುಕೊಳ್ಳುವ ಸಪ್ಪಳ ಕೇಳುತ್ತ ನಾನು ಒಳಗೆ ನಿಂತು ಅತ್ತೆ.

ಮಂಗಳವಾರ ಅಪ್ಪ ಬಂದು, “ಮೊದಲ ಕಾರ್ಡು ಬರಲಿಲ್ಲೇನು? ಜಡ್ಡು ಅಂತ ತಿಳಿಸಲಿಲ್ಲೇನು ನಿನ್ನ ತಮ್ಮ?” ಎಂದು ಕೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಅವ್ವ ನನ್ನ ಕಡೆ ನೋಡದೆ, “ತಡಾ ಆಗಿ ಮುಟ್ಟಿತರಿ,” ಎಂದಳು.

ಎಪ್ಪತ್ತೊಂದನೆಯ ನಂಬರನ್ನು ಪೂರಾ ಓದದೆ ಮರಳಿಸಿದೆ. ಸಾರಾಂಶದಲ್ಲಿ ಓದಿದಷ್ಟನ್ನೇ ಬರೆದೆ, ಮುಂದಿನದು ಓದಿಲ್ಲವೆಂದು. ಮೋಡಕ ಮಾಸ್ತರರು ಮೇಲೆ ಕೆಳಗೆ ನೋಡಿ, ಪ್ರಾಮಾಣಿಕತೆಗೆ ಮೆಚ್ಚಿ ಬೆನ್ನು ತಟ್ಟಿದರು. ಆ ಬೆನ್ನು ಆಗ ನೆಲಕ್ಕಿಳಿದು ಹೋಗಬಾರದಿತ್ತೇ ಎನಿಸಿತು.

ಮೂರು ದಿನದ ಮೈಲಿಗೆ ಕಳೆದ ಮೇಲೆ ಅವ್ವ ಅಪ್ಪನಿಗೆ ಹೇಳಿದಳು: “ಇನ್ನ ಮ್ಯಾಲ ಕಾರ್ಡು ಮರಾಠಿ ಒಳಗ ಹಾಕು ಅಂತ ನನ್ನ ತಮ್ಮಗ ಬರೀರಿ.” ಬೆಳಗಾವಿ ಕಚೇರಿಯ ಮಾವನಿಗೆ ಮರಾಠಿಯೇನೂ ಕಷ್ಟವಲ್ಲ. ಅಪ್ಪ ಬಹಳ ದಿನದ ಮೇಲೆ ನಕ್ಕರು. “ನೋಡೋ, ನಿಮ್ಮವ್ವ ಪಕ್ಕಾ ಪುಣೇರಿ ಆದಳು,” ಎಂದರು ನನಗೆ.

ಮುಂದೆ ಬೆಳಗಾವಿಯ ಕಾರ್ಡು ಬಂದಾಗಲೆಲ್ಲ ಅವ್ವ ಅದನ್ನು ತೆಗೆದುಕೊಂಡು, ಹೊಸ್ತಿಲ ಮೇಲೆ ಕೂತ ನನ್ನನ್ನು ದಾಟಿ, ಅಂಗಳದ ಆಚೆ ಸಗುಣಾಬಾಯಿಯ ಖೋಲಿಗೆ ಹೋಗುತ್ತಿದ್ದಳು. ಅವರು ಓದುತ್ತಿದ್ದರು, ಆಕೆ ಕೈ ಮುಗಿದುಕೊಂಡು ಕೇಳುತ್ತಿದ್ದಳು. ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ತಿಳಿಯದೆ ಉಳಿದದ್ದನ್ನು ಹಾಗೆಯೇ ಇಟ್ಟುಕೊಂಡು ಮನೆಗೆ ಬರುತ್ತಿದ್ದಳು. ನನ್ನನ್ನು ಕೇಳುತ್ತಿರಲಿಲ್ಲ.